ಟ್ರೇಲರಿನ ಭಾರ ಕೊಂಡಿಯ ಮೇಲೆಷ್ಟು?

ಹಟ್ಟಿಗೊಬ್ಬರ ತುಂಬಿದ ಎರಡು ಚಕ್ರದ ಟ್ರೇಲರ್ ಎಳೆದುಕೊಂಡು ನಮ್ಮ ತೋಟದ ಏರು ಹತ್ತುತ್ತಿದ್ದೆ. ಅರ್ಧ ಏರಿನಲ್ಲಿ ಸ್ಟೀರಿಂಗ್ ಹಗುರವಾಯಿತು. ನೋಡುತ್ತೇನೆ, ಟ್ರಾಕ್ಟರಿನ ಮುಂದಿನ ಚಕ್ರ ನೆಲಬಿಟ್ಟು ಒಂದು ಗೇಣು ಮೇಲೆ! ಕ್ಲಚ್, ಬ್ರೇಕ್ ಒಟ್ಟಿಗೆ ಒತ್ತಿದೆ. ಚಕ್ರ ಕೆಳಗಿಳಿಯಿತು, ನಾನೂ ಉಳಿದೆ.

ಹಿಂದೆ ಎತ್ತಿನ ಗಾಡಿ ಹೊಡೆಯುತ್ತಿದ್ದ ನಮ್ಮೂರಿನ ಅಜ್ಜರೊಬ್ಬರು ಟ್ರೇಲರ್ ನೋಡಿ ಹೇಳಿದರು: "ಗೊಬ್ಬರ ಎಲ್ಲ ಮುಂದೆಯೇ ರಾಶಿ ಹಾಕಿದ್ದೀರಿ. ಗಾಡಿ ಮುಂಭಾರ ಆದ್ರೆ ಎತ್ತಿನ ಹೆಗಲು ಹೋಯ್ತು, ಹಿಂಭಾರ ಆದ್ರೆ ಕೊರಳು ಬಿಗೀತು. ಟ್ರಾಕ್ಟರಿಗೆ ಹೆಗಲಿಲ್ಲ ಅಂತ ಎಣಿಸಿದ್ರಾ?"

ಲೆಕ್ಕ ಸುಲಭ

ಕೊಂಡಿಯಿಂದ ಟ್ರೇಲರಿನ ಆ್ಯಕ್ಸಲ್‌ಗೆ 10 ಅಡಿ ಎನ್ನಿ. ಹೇರು 20 ಕ್ವಿಂಟಾಲ್. ಹೇರಿನ ನಡುಮಧ್ಯ ಆ್ಯಕ್ಸಲ್‌ಗಿಂತ 1 ಅಡಿ ಮುಂದಿದ್ದರೆ ಹತ್ತರಲ್ಲೊಂದು ಪಾಲು, ಅಂದರೆ 2 ಕ್ವಿಂಟಾಲ್, ಕೊಂಡಿಯ ಮೇಲೆ ಕೂರುತ್ತದೆ. 3 ಅಡಿ ಮುಂದಿದ್ದರೆ 6 ಕ್ವಿಂಟಾಲ್! ಕೊಂಡಿ ಇರುವುದು ಟ್ರಾಕ್ಟರಿನ ಹಿಂದಿನ ಚಕ್ರಕ್ಕಿಂತಲೂ ಹಿಂದೆ. ಅಲ್ಲಿ ಒತ್ತಿದಷ್ಟೂ ಮೂತಿ ಹಗುರ. ಏರಿನಲ್ಲಿ ಎಳೆತವೂ ಸೇರಿ ಮೂತಿ ಎದ್ದೇಬಿಡುತ್ತದೆ.

ಹಾಗಂತ ಹಿಂದೆ ಹೇರಬೇಡಿ. ನಡುಮಧ್ಯ 1 ಅಡಿ ಹಿಂದೆ ಹೋದರೆ ಅದೇ 2 ಕ್ವಿಂಟಾಲ್ ಕೊಂಡಿಯನ್ನು ಮೇಲಕ್ಕೆತ್ತುತ್ತದೆ. ಹಿಂದಿನ ಚಕ್ರದ ಹಿಡಿತ ಕಡಿಮೆಯಾಗಿ ಜಾರುತ್ತದೆ. ವೇಗದಲ್ಲಿ ಟ್ರೇಲರ್ ಬಾಲ ಆಡಿಸುತ್ತದೆ.

ಅಮೆರಿಕದಲ್ಲಿ ಕಾರಿನ ಹಿಂದೆ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಊರೂರು ತಿರುಗುವವರಿದ್ದಾರೆ. ಒಟ್ಟು ತೂಕದ ಶೇಕಡಾ 10ರಿಂದ 15 ಕೊಂಡಿಯ ಮೇಲಿರಬೇಕು ಎಂಬುದು ಅವರ ಲೆಕ್ಕ. ಕಾರಿನ ಹಿಂಭಾಗ ಕುಸಿಯದಂತೆ ಸ್ಪ್ರಿಂಗ್ ಸರಳುಗಳಿರುವ ಕೊಂಡಿ ಹಾಕುತ್ತಾರೆ. ಅದು ಭಾರದ ಒಂದಂಶವನ್ನು ಕಾರಿನ ಮುಂದಿನ ಚಕ್ರಕ್ಕೂ ಟ್ರೇಲರಿನ ಚಕ್ರಕ್ಕೂ ಹಂಚುತ್ತದೆ. ಒಟ್ಟು ಭಾರವೇನೂ ಕಡಿಮೆಯಾಗದು. ನಮ್ಮ ಟ್ರಾಕ್ಟರಿಗೆ ಆ ಏರ್ಪಾಡಿಲ್ಲ. ಮೂತಿಗೆ ತೂಕದ ಕಬ್ಬಿಣ ಕಟ್ಟುವುದು ಮತ್ತು ಸರಿಯಾಗಿ ಹೇರುವುದು, ಇವೆರಡೇ ದಾರಿ.

ಎರಡು ಚಕ್ರವೋ, ನಾಲ್ಕೋ?

ನಾಲ್ಕು ಚಕ್ರದ ಟ್ರೇಲರ್ ತನ್ನ ಭಾರ ತಾನೇ ಹೊರುತ್ತದೆ. ಕೊಂಡಿಗೆ ಹೊರೆಯಿಲ್ಲ. ಆದರೆ ರಿವರ್ಸ್ ತೆಗೆಯುವುದು ಕಷ್ಟ, ಒದ್ದೆ ಏರಿನಲ್ಲಿ ಟ್ರಾಕ್ಟರಿನ ಚಕ್ರಕ್ಕೆ ಹಿಡಿತವೂ ಸಾಲದು. ಎರಡು ಚಕ್ರದ್ದು ಹಿಡಿತ ಕೊಡುತ್ತದೆ, ಇಕ್ಕಟ್ಟಿನ ತೋಟದಲ್ಲಿ ತಿರುಗುತ್ತದೆ. ಹೇರುವಾಗ ಮಾತ್ರ ಎಚ್ಚರ ಬೇಕು.

ಇಷ್ಟು ಮಾಡಿ

• ಟ್ರೇಲರಿನ ಪಕ್ಕದ ಹಲಗೆಗೆ ಆ್ಯಕ್ಸಲ್‌ನ ನೇರಕ್ಕೆ ಒಂದು ಗೆರೆ, ಅದರಿಂದ 1 ಅಡಿ ಮುಂದೆ ಇನ್ನೊಂದು ಗೆರೆ ಬಣ್ಣದಲ್ಲಿ ಎಳೆಯಿರಿ. ಹೇರಿನ ನಡುಮಧ್ಯ ಇವೆರಡರ ನಡುವೆ, ಮುಂದಿನ ಗೆರೆಯ ಹತ್ತಿರ ಬರಲಿ.

• ಕೊಂಡಿ ಹಿಂದಿನ ಆ್ಯಕ್ಸಲ್‌ಗಿಂತ ಕೆಳಗೇ ಇರಲಿ. ಮೇಲಿನ ಲಿಂಕಿನ ಜಾಗಕ್ಕೆ ಕಟ್ಟಿ ಎಳೆದರೆ ಟ್ರಾಕ್ಟರ್ ಹಿಂದಕ್ಕೆ ಮಗುಚುತ್ತದೆ.

• ಸರಳು ತುಂಡರಿಸಿ ಮಾಡಿದ ಪಿನ್ನು ಬೇಡ. ತೂತಿಗೆ ಸರಿಹೊಂದುವ ಪಿನ್ನು, ಅದಕ್ಕೆ ಕ್ಲಿಪ್ಪು, ಜತೆಗೊಂದು ಸರಪಳಿ ಇರಲಿ.

• ರಸ್ತೆಗಿಳಿಯುವ ಮುಂಚೆ ಎರಡೂ ಬ್ರೇಕ್ ಪೆಡಲುಗಳನ್ನು ಸೇರಿಸಿ ಲಾಕ್ ಮಾಡಿ. ಇಳಿಜಾರಿಗೆ ಮೊದಲೇ ಸಣ್ಣ ಗೇರಿಗೆ ಬನ್ನಿ.

• ಇಳಿಸುವಾಗ ಮುಂದಿನದನ್ನೇ ಮೊದಲು ಖಾಲಿ ಮಾಡಿ ಪಿನ್ನು ತೆಗೆದರೆ ಟ್ರೇಲರಿನ ಮೂಕಿ ಮೇಲಕ್ಕೆ ಚಿಮ್ಮುತ್ತದೆ. ಬಗ್ಗಿದವನ ಗದ್ದ ಅಲ್ಲೇ ಇರುತ್ತದೆ!

ನಾನೀಗ ಗೆರೆ ನೋಡಿಯೇ ಹೇರಿಸುವುದು. ಕೆಲಸಕ್ಕೆ ಬಂದವರು ಸುರುವಿಗೆ ನಕ್ಕರು. ಈಗ ಅವರೇ "ಗೆರೆ ದಾಟಿತು" ಎಂದು ನಿಲ್ಲಿಸುತ್ತಾರೆ.