ಶ್ರಾವಣದ ಗಾಳಿಗೆ ಒಂದು ಅಳತೆ

ಅಳ್ನಾವರದಲ್ಲಿ ಶ್ರಾವಣದ ಮಳೆ ಹೊಯ್ಯುವುದಕ್ಕಿಂತ ಜಿನುಗುವುದೇ ಹೆಚ್ಚು. ಧಾರವಾಡದ ಬಯಲು ಮುಗಿದು ದಾಂಡೇಲಿಯ ಕಾಡು ಶುರುವಾಗುವ ಊರು ಇದು. ಜಂಕ್ಷನ್ನಿಗೆ ಲೋಂಡಾ ಕಡೆಯಿಂದ ಬಂದ ರೈಲಿನ ಮೈಯಿಂದ ಘಟ್ಟದ ನೀರು ಇನ್ನೂ ಇಳಿಯುತ್ತಿರುತ್ತದೆ. ಮನೆಯೊಳಗೆ ಹರವಿದ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರೊಡೆಯುತ್ತದೆ. ಗಣಪತಿಗೆ ಬಣ್ಣ ಹಚ್ಚುವ ಕೆಲಸ ಬರುವುದು ಇದೇ ದಿನಗಳಲ್ಲಿ.

ಪಡಸಾಲೆಯ ಹಲಗೆಯ ಮೇಲೆ ಗೇಣುದ್ದದ ಗಣಪತಿಗಳು ಸಾಲಾಗಿ ಕೂತಿವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡಿ ಹದಗೊಂಡ ಕೈಗಳು ಇವನ್ನು ತಿದ್ದಿವೆ. ಸುಡದ ಮಣ್ಣು, ಮೇಲೊಂದು ಬಿಳಿ ಅಸ್ತರ. ಪೀತಾಂಬರ, ಕಿರೀಟಗಳನ್ನು ಕುಂಚ ನೋಡಿಕೊಳ್ಳುತ್ತದೆ. ಕೆನ್ನೆಯ ನಸುಗೆಂಪು, ಸೊಂಡಿಲಿನ ಸುಕ್ಕಿನ ನೆರಳು, ಕಿವಿಯ ಅಂಚಿನಲ್ಲಿ ಇದ್ದೂ ಇಲ್ಲದಂತೆ ಕರಗುವ ಬಣ್ಣಕ್ಕೆ ಮಾತ್ರ ಏರ್‌ಬ್ರಷ್ಷೇ ಬೇಕು. ಚಾರ್ಲ್ಸ್ ಬರ್ಡಿಕ್ ಪೇಟೆಂಟ್ ಪಡೆದ, ಒಂದು ಕಾಲಕ್ಕೆ ಫೋಟೋ ತಿದ್ದುವವರ ನೆಚ್ಚಿನ ಸಾಧನವಾಗಿದ್ದ ಈ ಪೆನ್ನು ಮಣ್ಣಿನ ಕೆನ್ನೆಗೂ ಚೆನ್ನಾಗಿ ಒಗ್ಗಿದೆ.

ಅದಕ್ಕೆ ಗಾಳಿ ಕೊಡಲು ಮೂಲೆಯಲ್ಲಿ ಮೂರು ಲೀಟರ್ ಟ್ಯಾಂಕಿನ ಪುಟ್ಟ ಕಂಪ್ರೆಸರ್. ಒತ್ತಡ ಚದರ ಸೆಂಟಿಮೀಟರಿಗೆ 4 ಕೆಜಿಗೆ ಏರಿದರೆ ತಾನೇ ನಿಲ್ಲುತ್ತದೆ, 3ಕ್ಕೆ ಇಳಿದರೆ ಮತ್ತೆ ಗುರುಗುಡುತ್ತದೆ. ಟಯರಿಗೆ ಗಾಳಿ ಹೊಡೆಯುವವರ ಲೆಕ್ಕದಲ್ಲಿ 4 ಕೆಜಿ ಎಂದರೆ 57 ಪಾಯಿಂಟ್ (ಪಿಎಸ್‌ಐ). ಕೆನ್ನೆಯ ಶೇಡಿಗೆ ಬೇಕಾದದ್ದು 15ರಿಂದ 20, ಹೆಚ್ಚೆಂದರೆ 25. ನಡುವಿನ ಈ ಅಂತರವನ್ನು ಕಾಯುವುದೇ ರೆಗ್ಯುಲೇಟರಿನ ಕೆಲಸ.

ಅದನ್ನು ಜೋಡಿಸಲು ಈ ಮನೆಯ ಅಣ್ಣ ಪಾನಾ ಹಿಡಿದು ಕೂತಿದ್ದಾನೆ, ತಮ್ಮ ಟೆಫ್ಲಾನ್ ಟೇಪು ಸುತ್ತುತ್ತಿದ್ದಾನೆ. ಕಾಲು ಇಂಚಿನ ಥ್ರೆಡ್ಡಿನ ಮೊದಲ ಸುತ್ತು ಬಿಟ್ಟು, ಬಿಗಿಯುವ ದಿಕ್ಕಿನಲ್ಲೇ ಟೇಪು ಹೋಗಬೇಕು. ತುದಿಯಲ್ಲಿ ಚೂರು ಉಳಿದರೆ ಅದು ಹರಿದು ಹೋಗಿ ಏರ್‌ಬ್ರಷ್ಷಿನ ಸಣ್ಣ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ರೆಗ್ಯುಲೇಟರಿನ ಮೈಮೇಲೆ ಬಾಣದ ಗುರುತಿದೆ. ಗಾಳಿ ಹೋಗುವ ದಿಕ್ಕು ಅದು, ತಿರುಗುಮುರುಗಾಗಿ ಕೂರಿಸಿದರೆ ಕೆಲಸ ಮಾಡದು. ಜೋಡಿಸಿದ ಮೇಲೆ ಪ್ರತಿ ಕೀಲಿಗೂ ಸಾಬೂನಿನ ನೊರೆ ಹಚ್ಚುತ್ತಾರೆ. ಒಂದು ಕಡೆ ಸಾಸಿವೆಕಾಳಿನಷ್ಟು ಗುಳ್ಳೆ ಎದ್ದಿತು, ಪಾನಾ ಇನ್ನೊಂದು ಕಾಲು ಸುತ್ತು ತಿರುಗಿಸಿದಾಗ ನಿಂತಿತು.

ರೆಗ್ಯುಲೇಟರಿನ ತಲೆಯ ಗುಬುಟನ್ನು ಮೇಲಕ್ಕೆಳೆದರೆ ಅದರ ಬೀಗ ಬಿಡುತ್ತದೆ. ಬಲಕ್ಕೆ ತಿರುಗಿಸಿದಂತೆ ಒಳಗಿನ ಸ್ಪ್ರಿಂಗ್ ಬಿಗಿಯಾಗಿ ರಬ್ಬರ್ ಪರದೆಯನ್ನು ಒತ್ತುತ್ತದೆ, ಪರದೆ ಕವಾಟವನ್ನು ತೆರೆಯುತ್ತದೆ. ಆಚೆ ಬದಿಯ ಗಾಳಿ ಸಾಕಷ್ಟಾದಾಗ ಅದೇ ಪರದೆಯನ್ನು ಹಿಂದಕ್ಕೆ ತಳ್ಳಿ ಬಾಗಿಲು ಮುಚ್ಚುತ್ತದೆ. ಸ್ಪ್ರಿಂಗಿನ ಬಲ, ಗಾಳಿಯ ಬಲ, ಎರಡೂ ಸರಿದೂಗಿದಾಗ ಒತ್ತಡ ನಿಲ್ಲುತ್ತದೆ. ಕರೆಂಟಿಲ್ಲ, ತಂತಿಯಿಲ್ಲ. ಇಷ್ಟು ಅಚ್ಚುಕಟ್ಟಾದ ಯಂತ್ರ ಅಂಗೈಯಲ್ಲಿ ಹಿಡಿಯುತ್ತದೆ ಎಂಬುದು ನನಗೆ ಇವತ್ತಿಗೂ ಬೆರಗು.

“ಅಣ್ಣಾ, ಇಪ್ಪತ್ತಕ್ಕ ಇಟ್ಟೀನಿ.”

“ಗಾಳಿ ಬಿಟ್ಟು ನೋಡಲೇ. ನಿಂತ ಗಾಳಿ ಲೆಕ್ಕ ಹಿಡೀಬ್ಯಾಡ.”

ತಮ್ಮ ಟ್ರಿಗರ್ ಒತ್ತುತ್ತಾನೆ. ಮೀಟರಿನ ಮುಳ್ಳು ಥಟ್ಟನೆ ಕೆಳಗಿಳಿದು 16ರಲ್ಲಿ ನಡುಗುತ್ತದೆ. ಗಾಳಿ ಹರಿಯುತ್ತಿರುವಾಗ ಇರುವ ಒತ್ತಡವೇ ಕೆಲಸದ ಒತ್ತಡ. ಟ್ರಿಗರ್ ಬಿಡದೆ ಗುಬುಟು ತಿರುಗಿಸಿ ಮುಳ್ಳನ್ನು ಮತ್ತೆ 20ಕ್ಕೆ ತರಬೇಕು, ಅದೂ ಕೆಳಗಿನಿಂದ ಮೇಲಕ್ಕೆ. ಮೀರಿ ಹೋದರೆ ಇಳಿಸಿ ಪುನಃ ಏರಿಸುವುದೇ ಸರಿ. ಬಳಿಕ ಗುಬುಟನ್ನು ಒತ್ತಿ ಬೀಗ ಹಾಕುತ್ತಾರೆ.

ಬಯಲುಸೀಮೆಯ ಬೇಸಿಗೆಯಲ್ಲಾಗಿದ್ದರೆ ಇಷ್ಟು ಸಾಕಿತ್ತು, ಇಲ್ಲಿ ತೇವವನ್ನೂ ನೋಡಿಕೊಳ್ಳಬೇಕು. 4 ಕೆಜಿಗೆ ಒತ್ತಿದ ಗಾಳಿ ಮೊದಲಿದ್ದ ಜಾಗದ ಐದನೇ ಒಂದು ಪಾಲಿಗೆ ಕುಗ್ಗುತ್ತದೆ. ತಣ್ಣಗಾದ ಮೇಲೆ ಅದು ಹೊರಬಲ್ಲ ತೇವವೂ ಅಷ್ಟೇ ಕುಗ್ಗುತ್ತದೆ. ಅಳ್ನಾವರದ ಶ್ರಾವಣದ ತುಂಬು ತೇವದ ಗಾಳಿಯಾದರೆ ಐದರಲ್ಲಿ ನಾಲ್ಕು ಪಾಲು ತೇವ ನೀರಾಗಿ ಬೀಳಲೇಬೇಕು. ಟ್ಯಾಂಕಿನಲ್ಲಿ ಬಿದ್ದರೆ ಚಿಂತೆಯಿಲ್ಲ. ಬಿಸಿಯಾಗಿಯೇ ಪೈಪಿಗೆ ನುಗ್ಗಿ ಅಲ್ಲಿ ತಣಿದರೆ, ಬಣ್ಣದ ಜೊತೆ ಹನಿಯೊಂದು ಚಿಮ್ಮಿ ಗಣಪತಿಯ ಕೆನ್ನೆಗೆ ಬೀಳುತ್ತದೆ. ಸುಡದ ಮಣ್ಣಿಗೆ ನೀರು ಬಿದ್ದಲ್ಲಿ ಅಸ್ತರವೂ ಕದಡುತ್ತದೆ.

ಅದಕ್ಕೇ ಅಣ್ಣ ರೆಗ್ಯುಲೇಟರನ್ನು ಕಂಪ್ರೆಸರಿನ ಮೈಗೆ ಅಂಟಿಸದೆ ಎದುರಿನ ಗೋಡೆಗೆ ಕೂರಿಸಿದ್ದಾನೆ. ಅಲ್ಲಿಯವರೆಗಿನ ಉದ್ದ ಪೈಪಿನಲ್ಲಿ ಗಾಳಿ ತಣಿಯುತ್ತದೆ, ರೆಗ್ಯುಲೇಟರಿನ ಅಡಿಯ ಪಾರದರ್ಶಕ ಬಟ್ಟಲು ನೀರನ್ನು ಹಿಡಿಯುತ್ತದೆ. ಬಟ್ಟಲು ನೇರ ಕೆಳಮುಖವಾಗಿಯೇ ಇರಬೇಕು. ಥಿನ್ನರ್ ಹಾಕಿ ಒರೆಸಿದರೆ ಆ ಪ್ಲಾಸ್ಟಿಕ್ ಸೀಳು ಬಿಡುತ್ತದೆ. ಒತ್ತಡ ತುಂಬಿದ ಬಟ್ಟಲು ಒಡೆಯುವುದು ಅಪಾಯ, ಸಾಬೂನು ನೀರಷ್ಟೇ ಸಾಕು.

ಮೊದಲ ಶೇಡು ಹಳೆಯ ಪತ್ರಿಕೆಯ ಮೇಲೆ. ಚುಕ್ಕಿ ಚುಕ್ಕಿಯಾಗಿ ಬಿದ್ದಿತು. ತಮ್ಮ ಬಣ್ಣಕ್ಕೆ ಎರಡು ಹನಿ ನೀರು ಸೇರಿಸಿ, ಒತ್ತಡ ಎರಡು ಪಾಯಿಂಟ್ ಏರಿಸಿದ. ಈಗ ಮಂಜಿನಂತೆ ಹರಡಿತು. ಮೂರು ಬೆರಳಿನ ದೂರದಿಂದ ಕೆನ್ನೆಗೆ ಎರಡು ಸಲ ಸುಳಿಸುವಷ್ಟರಲ್ಲಿ ಬಿಳಿ ಅಸ್ತರಕ್ಕೆ ರಕ್ತ ಸಂಚಾರವಾಯಿತು. ನಿಜಕ್ಕೂ ಕೈಮುಗಿಯಬೇಕೆನಿಸುವ ಕೆಲಸ.

ಸಂಜೆ ಬಟ್ಟಲಿನ ತಳದ ಗುಂಡಿ ಒತ್ತಿದಾಗ ತಿಳಿನೀರು ಬಂತು, ಟ್ಯಾಂಕಿನ ಅಡಿಯ ತಿರುಪು ಸಡಿಲಿಸಿದಾಗ ತುಕ್ಕಿನ ಕೆಂಪು ನೀರು. “ದಿನಾ ತೆಗೀಬೇಕು, ಇಲ್ಲಾಂದ್ರ ಟಾಕಿ ಒಳಗಿಂದ ತಿಂದು ಹೋಗತೈತಿ” ಎಂದು ಅಣ್ಣ ತಮ್ಮನ ಕೈಗೆ ಬಟ್ಟೆ ಕೊಟ್ಟ.