ಮೇಲಕ್ಕೇರುವ ಹೊಳೆ

ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ಮಲಪ್ರಭೆಯ ನೀರು ಕಾಲುವೆಯ ಇಳಿಜಾರು ಹಿಡಿದು ಓಡುತ್ತದೆ. ನಮ್ಮ ಕಾಲಿನೊಳಗೂ ಒಂದು ಹೊಳೆಯಿದೆ; ಅದು ಹಿಮ್ಮಡಿಯಿಂದ ಎದೆಯವರೆಗೆ ಮೇಲಕ್ಕೇರುತ್ತದೆ! ಅದನ್ನು ನೂಕಲು ಹೃದಯವಿಲ್ಲ. ನಾಳಗಳೇ ತಮ್ಮಷ್ಟಕ್ಕೆ ಹಿಂಡಿಕೊಳ್ಳುತ್ತವೆ, ಒಳಗಿನ ಕವಾಟಗಳು ಏರಿದ್ದನ್ನು ಕೆಳಗಿಳಿಯಲು ಬಿಡುವುದಿಲ್ಲ. ಸುರೇಬಾನದ ನೇಕಾರ ಮಗ್ಗ ತುಳಿದಾಗ, ಕಿತ್ತೂರಿನ ರೈತ ಹೊಲಕ್ಕೆ ನಡೆದಾಗ ಮೀನಖಂಡ ಬಿಗಿದು ಅದನ್ನು ಇನ್ನಷ್ಟು ಮೇಲೆ ತಳ್ಳುತ್ತದೆ. ಆಳವಾಗಿ ಉಸಿರೆಳೆದರೆ ಎದೆಯೇ ಅದನ್ನು ಸೆಳೆದುಕೊಳ್ಳುತ್ತದೆ.

ಇದೇ ದುಗ್ಧರಸ. ರಕ್ತನಾಳಗಳಿಂದ ಜಿನುಗಿ ಹೊರಗುಳಿದ ನೀರನ್ನೂ ಪ್ರೋಟೀನನ್ನೂ ಬಾಚಿಕೊಂಡು, ದಾರಿಯ ಗ್ರಂಥಿಗಳಲ್ಲಿ ರೋಗಾಣುಗಳನ್ನು ಒಪ್ಪಿಸಿ, ಕೊರಳಿನ ಬುಡದಲ್ಲಿ ಮತ್ತೆ ರಕ್ತ ಸೇರುತ್ತದೆ. 1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ ನಾಯಿಯೊಂದರ ಕರುಳ ಸುತ್ತ ಹಾಲಿನಂಥ ಬಿಳಿ ಎಳೆಗಳನ್ನು ಕಂಡು ಬೆರಗಾದ; ಅವು ಇದೇ ರಸದ ನಾಳಗಳು. ಮೆದುಳಿನ ಹೊದಿಕೆಯಲ್ಲೂ ಇಂಥ ನಾಳಗಳಿವೆ ಎಂದು ಇಲಿಗಳಲ್ಲಿ ತೋರಿಸಿಕೊಟ್ಟದ್ದು 2015ರಲ್ಲಿ, ಮೊನ್ನೆ ಮೊನ್ನೆ!

ಈ ದಾರಿ ಕಟ್ಟಿತೆಂದರೆ ಬಾವು. ಸೊಳ್ಳೆ ಹರಡುವ ಫೈಲೇರಿಯಾ ಹುಳು ನಾಳಗಳನ್ನು ಕೆಡಿಸಿದರೆ ಆನೆಕಾಲು. ಸ್ತನ ಕ್ಯಾನ್ಸರಿಗೆಂದು ಕಂಕುಳಿನ ಗ್ರಂಥಿ ತೆಗೆದವರಿಗೆ, ವಿಕಿರಣ ಚಿಕಿತ್ಸೆ ಪಡೆದವರಿಗೆ ಕೈ ಬಾತುಕೊಳ್ಳಬಹುದು, ಕೆಲವೊಮ್ಮೆ ವರ್ಷಗಳ ನಂತರ. ಪಾಪವೂ ಅಲ್ಲ, ಶಾಪವೂ ಅಲ್ಲ. ಮುಟ್ಟಿದರೆ ಅಂಟುವುದೂ ಇಲ್ಲ.

ಈ ಬಾವಿನ ಚಿಕಿತ್ಸೆಯಲ್ಲಿ ನನ್ನನ್ನು ಬೆರಗಾಗಿಸಿದ್ದು ಕಾಸರಗೋಡು. ಅಲ್ಲಿ 1999ರಲ್ಲಿ ಶುರುವಾದ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆಯಲ್ಲಿ ಡಾ. ಎಸ್. ಆರ್. ನರಹರಿ ಮತ್ತು ಸಂಗಡಿಗರು ಆಯುರ್ವೇದ, ಯೋಗ, ಆಧುನಿಕ ವೈದ್ಯವನ್ನು ಒಂದೇ ಚಾವಡಿಗೆ ತಂದರು, ಆಕ್ಸ್‌ಫರ್ಡಿನ ಪ್ರೊ. ಟೆರೆನ್ಸ್ ರಯಾನ್ ಜೊತೆಗೂಡಿದರು. ಸೋಪು ನೀರಿನಲ್ಲಿ ತೊಳೆದು ಒಣಗಿಸುವುದು, ಎಣ್ಣೆ ನೀವುವುದು, ಉಸಿರಾಟ, ಆಸನ, ಆಮೇಲೆ ಒತ್ತಡದ ಬ್ಯಾಂಡೇಜು. ನಮ್ಮ ಕಲಬುರಗಿಯ ಹಳ್ಳಿಗಳಲ್ಲೂ ಇದನ್ನು ಮಾಡಿ ನೋಡಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ಷಗಟ್ಟಲೆ ಊದಿದ್ದ ಕಾಲುಗಳು ಇಳಿದಿದ್ದವು!

ಬಾವು ಬಾರದಂತೆ ಕಾಯುವುದರಲ್ಲಿ ಚರ್ಮದ್ದೇ ದೊಡ್ಡ ಪಾಲು. ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬರಿಗಾಲಲ್ಲಿ ನಡೆಯುವವರು ಊರು ಮುಟ್ಟಿದ ಮೇಲೆ ಬೆರಳ ಸಂದು ನೋಡಿಕೊಳ್ಳಬೇಕು. ಅಲ್ಲಿನ ಬಿರುಕು, ಒಡೆದ ಹಿಮ್ಮಡಿ ಇವೇ ನಂಜಿನ ಬಾಗಿಲು. ಪ್ರತಿ ಸಲ ನಂಜೇರಿದಾಗಲೂ ಇನ್ನಷ್ಟು ನಾಳಗಳು ಹಾಳಾಗುತ್ತವೆ. ಈಗಾಗಲೇ ಬಾವು ಇದ್ದವರು ಚಪ್ಪಲಿ ಬಿಡದಿರುವುದೇ ಒಳ್ಳೆಯದು, ದೇವಿ ಮುನಿಯಲಾರಳು. ತೂಕ ಹತೋಟಿಯಲ್ಲಿರಲಿ, ಕೈಕಾಲು ಆಡುತ್ತಿರಲಿ.

ಬೈಲಹೊಂಗಲವಿರಲಿ, ರಾಮದುರ್ಗವಿರಲಿ, ಸ್ತನದ ಶಸ್ತ್ರಚಿಕಿತ್ಸೆಯಾದ ಅಕ್ಕಂದಿರೇ, ಆ ಕೈಯ ಬಳೆ ಬಿಗಿಯಾಗುತ್ತಿದೆಯೇ? ತೋಳು ಭಾರವೆನಿಸುತ್ತಿದೆಯೇ? ಬಾವು ಮೆತ್ತಗಿರುವಾಗಲೇ ವೈದ್ಯರಿಗೆ ತೋರಿಸಿ. ಚರ್ಮ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದೇ ದಿನ ಹೊರಡಿ.