ಹೊಗೆಗೆ ಜಾಗ ಕೊಡುವವರು ಯಾರು?

ನ್ಯೂಜೆರ್ಸಿಯ ನ್ಯೂಆರ್ಕ್ ವಿಮಾನ ನಿಲ್ದಾಣದಲ್ಲಿ ಇಳಿದು ಎಡಿಸನ್ ಕಡೆಗೆ ಟರ್ನ್‌ಪೈಕ್ ಹಿಡಿದರೆ ದಾರಿಯಲ್ಲಿ ಲಿಂಡನ್‌ನ ತೈಲ ಸಂಸ್ಕರಣಾಗಾರ ಎದುರಾಗುತ್ತದೆ. ಅದೇ ಊರಿನಲ್ಲಿ, ಡುಪಾಂಟ್ ಕಾರ್ಖಾನೆಯ ಹಳೆಯ ಜಾಗದಲ್ಲಿ, ‘ಪರ್ಜೆನ್ ಒನ್’ ಎಂಬ ಕಲ್ಲಿದ್ದಲು ಸ್ಥಾವರ ಕಟ್ಟುವುದಾಗಿ ಎಸ್‌ಸಿಎಸ್ ಎನರ್ಜಿ ಕಂಪನಿ ಹೇಳಿತ್ತು. ಅಂದಾಜು ವೆಚ್ಚ 500 ಕೋಟಿ ಡಾಲರ್. ಕಲ್ಲಿದ್ದಲನ್ನು ಅನಿಲವಾಗಿಸಿ, ಅದರ ಇಂಗಾಲದ ಡೈಆಕ್ಸೈಡಿನಲ್ಲಿ ಶೇ 90ರಷ್ಟನ್ನು ಹಿಡಿದು, ಅಟ್ಲಾಂಟಿಕ್ ಸಿಟಿಯಿಂದ ಸುಮಾರು 70 ಮೈಲಿ ದೂರದ ಕಡಲತಳದ ಕೆಳಗೆ ತುಂಬುವ ಯೋಜನೆ ಅದು.

ಹವಾಮಾನಕ್ಕೆ ಒಳ್ಳೆಯದೆಂದು ಮುಂದಿಟ್ಟ ಈ ಯೋಜನೆಯನ್ನು ವಿರೋಧಿಸಿದವರು ಪರಿಸರವಾದಿಗಳೇ. ಹಿಡಿದ ಅನಿಲದ ಹೆಸರಲ್ಲಿ ಕಲ್ಲಿದ್ದಲು ಹಿತ್ತಲ ಬಾಗಿಲಿನಿಂದ ಒಳಬರುತ್ತಿದೆ ಎಂದಿತು ಸಿಯೆರಾ ಕ್ಲಬ್. ‘ಕ್ಲೀನ್ ಓಷನ್ ಆ್ಯಕ್ಷನ್’ ಕಡಲಿನ ಪರವಾಗಿ ನಿಂತಿತು. ಆಗಿನ ರಿಪಬ್ಲಿಕನ್ ಗವರ್ನರ್ ಕ್ರಿಸ್ ಕ್ರಿಸ್ಟಿ, ರಾಜ್ಯದಲ್ಲಿ ಇನ್ನು ಹೊಸ ಕಲ್ಲಿದ್ದಲು ಸ್ಥಾವರವಿಲ್ಲ ಎಂದು 2011ರ ಮೇನಲ್ಲಿ ಸಾರಿದರು. ಈಶಾನ್ಯ ರಾಜ್ಯಗಳ ಇಂಗಾಲ ಮಾರುಕಟ್ಟೆ ಒಪ್ಪಂದದಿಂದ ನ್ಯೂಜೆರ್ಸಿ ಹೊರಬರುತ್ತದೆಂದು ಅವರು ಘೋಷಿಸಿದ್ದೂ ಅದೇ ಭಾಷಣದಲ್ಲಿ. ಹಸಿರು ಪಾಳಯಕ್ಕೆ ಒಂದೇ ದಿನ ಗೆಲುವೂ ಸೋಲೂ.

ನದಿ ದಾಟಿ ಮ್ಯಾನ್‌ಹಟನ್‌ಗೆ ಬಂದರೆ ಲೆಕ್ಕವೇ ಬೇರೆ. ಬ್ರಾಡ್‌ವೇಯ ‘ಗ್ರ್ಯಾಂಡ್ ಟಿಯರ್’ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಗ್ಯಾಸ್ ಬಾಯ್ಲರ್‌ನ ಹೊಗೆ ಚಿಮಣಿ ಏರುವ ಮೊದಲೇ ಕೊಳವೆಗಳಿಗೆ ತಿರುಗುತ್ತದೆ. ಅದರ ನೀರಿನಂಶ ತೆಗೆದು, ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ, ತಣ್ಣಗಾಗಿಸಿ ದ್ರವ ಮಾಡುತ್ತಾರೆ. ಟ್ಯಾಂಕರ್ ಅದನ್ನು ಬ್ರೂಕ್ಲಿನ್‌ಗೆ ಒಯ್ಯುತ್ತದೆ. ಅಲ್ಲಿ ಅದು ಕಾಂಕ್ರೀಟ್ ಇಟ್ಟಿಗೆಯೊಳಗೆ ಸೇರುತ್ತದೆ. ಇದರ ಹಿಂದಿರುವುದು ನ್ಯೂಯಾರ್ಕ್ ನಗರದ 2019ರ ಕಾನೂನು, ‘ಲೋಕಲ್ ಲಾ 97’. 25,000 ಚದರ ಅಡಿ ಮೀರಿದ ಕಟ್ಟಡಗಳಿಗೆ 2024ರಿಂದ ಹೊಗೆಯ ಮಿತಿ, ಮೀರಿದರೆ ಟನ್ನಿಗೆ 268 ಡಾಲರ್ ದಂಡ. ಬಾಯ್ಲರ್ ಕಿತ್ತು ವಿದ್ಯುತ್ತಿಗೆ ಬದಲಾಗುವುದನ್ನು ಹೀಗೆ ಅನಿಲ ಹಿಡಿಯುವುದು ಮುಂದೂಡುತ್ತದೆ ಎಂಬ ಟೀಕೆ ಇಲ್ಲೂ ಇದೆ. ಆದರೆ ಖರ್ಚೂ ಲಾಭವೂ ಒಂದೇ ಮಾಲೀಕನದು, ಕೊಳವೆ ಅವನ ಗೋಡೆಯೊಳಗೇ ಇದೆ. ಲಿಂಡನ್‌ನಲ್ಲಿ ಲಾಭ ಕಂಪನಿಯದು, ಆತಂಕ ನೆರೆಯವರದು.

ಹಡ್ಸನ್ ದಂಡೆಯ ಪ್ಯಾಲಿಸೇಡ್ಸ್ ಬಂಡೆಯ ಮೇಲಿರುವ ಕೊಲಂಬಿಯಾ ವಿಶ್ವವಿದ್ಯಾಲಯದ ಲಾಮಾಂಟ್ ಸಂಶೋಧನಾಲಯ, ಬಸಾಲ್ಟ್ ಶಿಲೆಯಲ್ಲಿ ಇಂಗಾಲದ ಡೈಆಕ್ಸೈಡ್ ಕಲ್ಲಾಗಿ ಉಳಿಯುತ್ತದೆಂದು ಹೇಳುತ್ತಾ ಬಂದಿದೆ. ಅಲ್ಲಿನ ವಿಜ್ಞಾನಿಗಳೂ ಪಾಲ್ಗೊಂಡ ಐಸ್‌ಲ್ಯಾಂಡ್ ಪ್ರಯೋಗದಲ್ಲಿ ಭೂಮಿಗಿಳಿಸಿದ ಅನಿಲದ ಶೇ 95ಕ್ಕಿಂತ ಹೆಚ್ಚು ಪಾಲು ಎರಡು ವರ್ಷದೊಳಗೆ ಖನಿಜವಾಯಿತೆಂದು 2016ರಲ್ಲಿ ವರದಿಯಾಯಿತು.

ನಮ್ಮ ಉತ್ತರ ಕರ್ನಾಟಕದ ಕರಿಗಲ್ಲೂ ಬಸಾಲ್ಟೇ. ಅದೇ ನೆಲದ ಮೇಲೆ, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ, 2,400 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರವಿದೆ. ಅದರ ವಿರುದ್ಧ 2014ರಲ್ಲಿ ರೈತರು ಬೀದಿಗಿಳಿದಿದ್ದರು. ನಾಳೆ ಅನಿಲ ತುಂಬುವ ಬಾವಿ ಅಲ್ಲಿಗೆ ಬರುವುದಾದರೆ, ಬಂಡೆಯ ಪರೀಕ್ಷೆಗೂ ಮೊದಲು ಗ್ರಾಮಸಭೆ ನಡೆಯಲಿ.